ಬ್ರೆಜಿಲ್‌ನ ಹಿಮವೂ ನಮ್ಮ ಕಾಫಿ ಚೀಲವೂ

ಜೂನ್, ಜುಲೈ ತಿಂಗಳು ಬಂತೆಂದರೆ ನಮ್ಮ ಮಲೆನಾಡಿನ ಕಾಫಿ ಬೆಳೆಗಾರರ ಕಿವಿ ಬ್ರೆಜಿಲ್ ದೇಶದ ಕಡೆಗೆ ತಿರುಗುತ್ತದೆ. ಅಲ್ಲಿ ಆಗ ಚಳಿಗಾಲ. 'ಹಿಮ ಬಿತ್ತಂತೆ' ಎಂಬ ಒಂದು ಮಾತು ಸಾಕು, ಮಾರಲು ಹೊರಟ ಚೀಲ ಮತ್ತೆ ಉಗ್ರಾಣ ಸೇರುತ್ತದೆ. ಈ ಆತುರ ಸರಿಯಲ್ಲವೆಂದು ನನ್ನ ಅಭಿಪ್ರಾಯ. ಹಿಮ ಬಿದ್ದಾಗ ಎಲೆಯೊಳಗೆ ಏನಾಗುತ್ತದೆಂದು ತಿಳಿದವರು ಇಂಥ ಸುದ್ದಿಯನ್ನು ತಾವೇ ತೂಗಿ ನೋಡಬಲ್ಲರು.

ಪೈನ್ ಮರವೂ ಕಾಫಿಯಂತೆ ನಿತ್ಯಹಸಿರು. ಆದರೆ ಉತ್ತರ ದೇಶಗಳ ಪೈನ್ ಎಲೆ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯನ್ನೂ ತಾಳುತ್ತದೆ. ಅದು ಹೆಪ್ಪುಗಟ್ಟುವುದಿಲ್ಲವೆಂದಲ್ಲ, ಹೆಪ್ಪುಗಟ್ಟಿಯೂ ಬದುಕುತ್ತದೆ. ಜೀವಕೋಶಗಳ ನಡುವಿನ ಸಂದುಗಳಲ್ಲಿ ನೀರು ಮೊದಲು ಮಂಜುಗಡ್ಡೆಯಾಗುತ್ತದೆ. ಆ ಗಡ್ಡೆ ಕೋಶದೊಳಗಿನ ನೀರನ್ನು ನಿಧಾನವಾಗಿ ಹೊರಕ್ಕೆಳೆಯುತ್ತದೆ. ಒಳಗುಳಿದ ರಸ ಬೆಲ್ಲದ ಪಾಕದಂತೆ ಮಂದವಾಗಿ, ಹೆಪ್ಪುಗಟ್ಟದೆ ಉಳಿಯುತ್ತದೆ. ಬಿಸಿಲೇರಿ ಮಂಜು ಕರಗಿದಾಗ ನೀರು ಮತ್ತೆ ಒಳಸೇರುತ್ತದೆ. ಈ ಶಕ್ತಿ ವರ್ಷವಿಡೀ ಇರುವುದಿಲ್ಲ. ಹಗಲು ಕಿರಿದಾಗಿ ಚಳಿ ಏರುತ್ತ ಹೋದಂತೆ ಎಲೆ ವಾರಗಟ್ಟಲೆ ಸಕ್ಕರೆ ಕೂಡಿಟ್ಟು, ಕೋಶಪೊರೆಯನ್ನು ಮಾರ್ಪಡಿಸಿಕೊಂಡು ಸಜ್ಜಾಗುತ್ತದೆ. ಅದೇ ಎಲೆಯನ್ನು ನಡುಬೇಸಿಗೆಯಲ್ಲಿ ಅಂಥ ಚಳಿಗೆ ಒಡ್ಡಿದರೆ ಸತ್ತೇ ಹೋಗುತ್ತದೆ.

ಕಾಫಿಗೆ ಈ ಸಿದ್ಧತೆ ಬಾರದು. ಅರೇಬಿಕಾದ ತವರು ಇಥಿಯೋಪಿಯಾದ ಬೆಟ್ಟಗಾಡುಗಳ ನೆರಳು. ಎಲೆಯ ಉಷ್ಣತೆ ಸೊನ್ನೆಗಿಂತ ಮೂರು ನಾಲ್ಕು ಡಿಗ್ರಿ ಕೆಳಗಿಳಿದರೆ ಸಾಕು, ಪೊರೆ ಕೆಟ್ಟು ರಸ ಸೋರಿ ಎಲೆ ಬೇಯಿಸಿದ ಸೊಪ್ಪಿನಂತಾಗಿ ಕಪ್ಪಾಗುತ್ತದೆ. ಎಲೆಯ ಉಷ್ಣತೆ ಎಂದೆ, ಗಾಳಿಯದಲ್ಲ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ಎಲೆ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಪತ್ರಿಕೆಯಲ್ಲಿ ಒಂದೆರಡು ಡಿಗ್ರಿ ಎಂದು ಬಂದ ಮಾತ್ರಕ್ಕೆ ಅಲ್ಲಿ ಹಾನಿಯಾಗಿಲ್ಲವೆಂದು ತಿಳಿಯುವಂತಿಲ್ಲ.

1975ರ ಜುಲೈನಲ್ಲಿ ಪರಾನಾ ಪ್ರಾಂತದಲ್ಲಿ ಬಿದ್ದ ಹಿಮ ಎಲೆಯನ್ನಷ್ಟೇ ಅಲ್ಲ, ಕಾಂಡವನ್ನೂ ಕೊಂದಿತು. ಮರುವರ್ಷ ಆ ಪ್ರಾಂತದಲ್ಲಿ ಕಾಫಿ ಬೆಳೆಯೇ ಇಲ್ಲವೆಂಬಂತಾಯಿತು. 1977ರಲ್ಲಿ ನ್ಯೂಯಾರ್ಕ್ ಧಾರಣೆ ಪೌಂಡಿಗೆ 3 ಡಾಲರ್ ದಾಟಿತು. ಆಗ ನಮ್ಮವರು ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸುತ್ತಿದ್ದರು. ಯಾವಾಗ ಮಾರಬೇಕೆಂಬ ಚಿಂತೆ ಅವರದಾಗಿರಲಿಲ್ಲ. 1996ರಿಂದ ಪೂರ್ಣವಾಗಿ ಅದು ತಮ್ಮದೇ ಚಿಂತೆ. 2021ರ ಜುಲೈನಲ್ಲಿ ಮಿನಾಸ್ ಜೆರೈಸ್‌ನಲ್ಲಿ ಹಿಮ ಬಿದ್ದಾಗ ಅದು ಎಷ್ಟು ಭಾರವೆಂಬುದು ಅನೇಕರಿಗೆ ತಿಳಿಯಿತು.

ಆದ್ದರಿಂದ ಸುದ್ದಿ ಬಂದಾಗ ಮೂರು ಸಂಗತಿ ಕೇಳಿ. ಹಿಮ ನಿಂತದ್ದು ತಣ್ಣನೆಯ ಗಾಳಿ ಹರಿದು ಸೇರುವ ತಗ್ಗಿನಲ್ಲೋ, ಇಳಿಜಾರಿನ ತೋಟಗಳಲ್ಲೂ ಹಬ್ಬಿತೋ? ತುದಿಯ ಎಲೆ ಮಾತ್ರ ಸುಟ್ಟಿದೆಯೋ, ರೆಕ್ಕೆಗಳೂ ಕಾಂಡವೂ ಒಣಗಿವೆಯೋ? ಗಿಡ ಎಳೆಯದೋ, ಬಲಿತದ್ದೋ? ಎಲೆ ಸುಟ್ಟರೆ ಮುಂದಿನ ಫಸಲು ಒಂದಿಷ್ಟು ತಗ್ಗೀತು. ಕಾಂಡ ಸತ್ತರೆ ಗಿಡವನ್ನು ಬುಡಕ್ಕೆ ಕಡಿದು ಎರಡು ಮೂರು ವರ್ಷ ಕಾಯಬೇಕು. ಬೆಲೆ ಏರಿ ನಿಲ್ಲುವುದು ಎರಡನೆಯದರಲ್ಲಿ.

ಇವಕ್ಕೆ ಉತ್ತರ ಮೊದಲ ದಿನ ಯಾರಲ್ಲೂ ಇರದು. ಕಾಂಡದ ಸ್ಥಿತಿ ಗೊತ್ತಾಗಲು ವಾರಗಳು ಬೇಕು. ಅಷ್ಟರಲ್ಲಿ ಪೇಟೆಯ ಧಾರಣೆ ಏರಿ ಇಳಿದಿರಲೂಬಹುದು. ಗೊಬ್ಬರ, ಕೂಲಿ, ಸಾಲದ ಕಂತಿಗೆ ಬೇಕಾದಷ್ಟನ್ನು ಆ ಏರಿಕೆಯಲ್ಲೇ ಮಾರಿಬಿಡಿ. ಉಳಿದ ಚೀಲಗಳು ಬ್ರೆಜಿಲ್‌ನ ಕಾಂಡದ ಸುದ್ದಿಗಾಗಿ ಕಾಯಲಿ, ಉಗ್ರಾಣ ಮಳೆಗಾಲದ ತೇವಕ್ಕೆ ಬಿಗಿಯಾಗಿದ್ದರೆ.