ಬೆವರಿನ ಲೆಕ್ಕ, ಭಾಗ 7: ಮೊದಲ 500 ಮೀಟರ್‌ನ ಫೋಟೋ ಹಾಕೋದು ನಿಲ್ಲಿಸೋಣ

(1/5)
ಇವತ್ತು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ.

ಹೋದ ತಿಂಗಳು ಸ್ಟೋರಿಗೆ ಒಂದು ಫೋಟೋ ಹಾಕಿದ್ದೆ, ನೆನಪಿದ್ಯಾ? ಜಿಮ್‌ನ ರೋಯಿಂಗ್ ಮಷೀನಿನ ಮಾನಿಟರ್. ಅದರ ಮೇಲೆ 1:52 ಅಂತ ದೊಡ್ಡದಾಗಿ. ಕೆಳಗೆ ನಾನು "ಇವತ್ತು 8 ಸಲ 500 ಮೀಟರ್" ಅಂತ ಬರೆದಿದ್ದೆ. ನಿಮ್ಮಲ್ಲಿ ತುಂಬಾ ಜನ ಬೆಂಕಿ ಇಮೋಜಿ ಕಳಿಸಿದ್ರಿ. ಥ್ಯಾಂಕ್ಸ್.

ಎರಡು ದಿನ ಬಿಟ್ಟು ಫಸ್ಟ್ ಇಯರ್ ಹುಡುಗ ಒಬ್ಬ ಮೆಸೇಜ್ ಮಾಡಿದ. "ಅಣ್ಣಾ, ನೀವು ಹಾಕಿದ ಸ್ಪೀಡ್ ನಾನೂ ಟ್ರೈ ಮಾಡ್ದೆ. ಮೂರನೇ ಸಲಕ್ಕೆ ತಲೆ ಸುತ್ತಿ ಕೂತ್ಬಿಟ್ಟೆ. ಎಲ್ರೂ ನೋಡ್ತಿದ್ರು. ನಂಗೆ ಇದೆಲ್ಲಾ ಆಗಲ್ಲ ಬಿಡಿ ಅಣ್ಣಾ."

ಅದನ್ನ ಓದಿ ಹೊಟ್ಟೆಯಲ್ಲಿ ಒಂಥರಾ ಆಯ್ತು. ಯಾಕಂದ್ರೆ ಅವತ್ತು ಮಾನಿಟರಿನ ಮೆಮೊರಿಯಲ್ಲಿ ಇದ್ದಿದ್ದು ಇಷ್ಟು: 1:52, 1:58, 2:08, 2:15, 2:21, 2:26. ಅಷ್ಟೇ. ಏಳನೇದೂ ಇಲ್ಲ, ಎಂಟನೇದೂ ಇಲ್ಲ. ಆರಕ್ಕೇ ನಾನು ಮಷೀನ್ ಪಕ್ಕ ನೆಲದ ಮೇಲೆ ಮಲಗಿದ್ದೆ. ಫೋಟೋ ತೆಗೆದಿದ್ದು ಮೊದಲನೇದು ಮುಗಿದ ತಕ್ಷಣ, ಮುಖದಲ್ಲಿ ಇನ್ನೂ ಕಳೆ ಇದ್ದಾಗ.

ಆ ಹುಡುಗ ಸೋತಿದ್ದು ನಾನೇ ಮಾಡದ ವರ್ಕೌಟ್ ಮುಂದೆ. ಅದಕ್ಕೇ ಈ ಭಾಗ ಬರೀತಿದ್ದೀನಿ. ನನ್ನ ಅಭಿಪ್ರಾಯ ಇಷ್ಟೇ: ಇಂಟರ್ವಲ್ ಪ್ಲಾನ್ ಮಾಡೋರು ಮೊದಲನೇ ಓಟ ತೋರಿಸಬಾರದು, ಆವರೇಜ್ ತೋರಿಸಬೇಕು. ಬೇರೆಯವರಿಗೆ ಮಾತ್ರ ಅಲ್ಲ, ನಮಗೆ ನಾವೂ ಅದನ್ನೇ ತೋರಿಸ್ಕೋಬೇಕು.

(2/5)
ಮೊದಲು ಈ ಮಷೀನ್ ಬಗ್ಗೆ ಸ್ವಲ್ಪ. ಎಷ್ಟೋ ಜಿಮ್‌ಗಳಲ್ಲಿ ಇದು ಮೂಲೆಯಲ್ಲಿ ಇರುತ್ತೆ, ಅದರ ಮೇಲೆ ಯಾರದ್ದೋ ಟವೆಲ್ ಒಣಗ್ತಿರುತ್ತೆ. ದೋಣಿಗೆ ಹುಟ್ಟು ಹಾಕೋ ಹಾಗೆ ಕೂತು ಎಳೆಯೋದು. ನೋಡಿದೋರಿಗೆ ಕೈ ಕೆಲಸ ಅನ್ಸುತ್ತೆ, ಆದ್ರೆ ಹೆಚ್ಚಿನ ಬಲ ಬರೋದು ಕಾಲಿಂದ. ಎಳೆಯುವಾಗ ಮೊದಲು ಕಾಲು, ಆಮೇಲೆ ಬೆನ್ನು ಹಿಂದಕ್ಕೆ, ಕೊನೆಗೆ ಕೈ. ವಾಪಸ್ ಹೋಗುವಾಗ ಉಲ್ಟಾ: ಕೈ, ಬೆನ್ನು, ಕಾಲು.

ಮಾನಿಟರ್ ಮೇಲೆ ಕಾಣೋ 1:52, 2:10 ಅನ್ನೋದಕ್ಕೆ ಸ್ಪ್ಲಿಟ್ ಅಂತಾರೆ. ಈಗ ಎಳೀತಿರೋ ವೇಗದಲ್ಲೇ ಹೋದ್ರೆ 500 ಮೀಟರ್‌ಗೆ ಎಷ್ಟು ಹೊತ್ತು ಬೇಕು ಅಂತ ಅರ್ಥ. ನಂಬರ್ ಕಡಿಮೆ ಆದಷ್ಟೂ ಸ್ಪೀಡ್ ಜಾಸ್ತಿ.

ಇಲ್ಲೇ ನಾವೆಲ್ಲ ಮೋಸ ಹೋಗೋದು. 2:10 ಮತ್ತು 1:52 ನಡುವೆ ಬರೀ 18 ಸೆಕೆಂಡ್ ತಾನೇ ಅನ್ಸುತ್ತೆ. ಆದ್ರೆ ಕಾನ್ಸೆಪ್ಟ್ ಟು ಮಷೀನಿನ ಲೆಕ್ಕದಲ್ಲಿ ಶಕ್ತಿ ಅನ್ನೋದು ವೇಗದ ಘನಕ್ಕೆ ತಕ್ಕಂತೆ ಏರುತ್ತೆ. 2:10 ಅಂದ್ರೆ ಸುಮಾರು 159 ವ್ಯಾಟ್. 1:52 ಅಂದ್ರೆ ಸುಮಾರು 249 ವ್ಯಾಟ್. ಅಂದ್ರೆ 18 ಸೆಕೆಂಡ್ ಉಳಿಸೋಕೆ ಒಂದೂವರೆ ಪಟ್ಟಿಗಿಂತ ಜಾಸ್ತಿ ಶಕ್ತಿ. 2:30 ಎಳೆಯೋನು 2:00ಕ್ಕೆ ಬರಬೇಕಂದ್ರೆ ಹೆಚ್ಚು ಕಡಿಮೆ ಎರಡು ಪಟ್ಟು ಬೇಕು: 104 ವ್ಯಾಟ್‌ನಿಂದ 203ಕ್ಕೆ.

ಮೊದಲನೇ 500ರಲ್ಲಿ ಮೈ ಫ್ರೆಶ್ ಆಗಿರುತ್ತೆ, ಪಕ್ಕದಲ್ಲಿ ಹಾಡು ಜೋರಾಗಿರುತ್ತೆ, 249 ವ್ಯಾಟ್ ಸುಲಭವಾಗಿ ಬಂದುಬಿಡುತ್ತೆ. ಆ ಸಾಲವನ್ನ ಐದನೇ, ಆರನೇ ಸಲದಲ್ಲಿ ಬಡ್ಡಿ ಸಮೇತ ಕಟ್ಟಬೇಕು. ಬಿಕಾಂ ಓದ್ತಾ ಇದ್ದೂ ನಂಗೆ ಇದು ಹೊಳೆದಿರಲಿಲ್ಲ.

ಇನ್ನೊಂದು: ಫ್ಯಾನ್ ಪಕ್ಕ 1ರಿಂದ 10ರವರೆಗೆ ಇರೋ ಲಿವರ್ ನೋಡಿದ ತಕ್ಷಣ 10ಕ್ಕೆ ತಳ್ಳಬೇಡಿ. ಅದು ಡಂಬಲ್ ತೂಕ ಅಲ್ಲ. ಫ್ಯಾನ್ ಒಳಗೆ ಎಷ್ಟು ಗಾಳಿ ಹೋಗಬೇಕು ಅನ್ನೋದನ್ನ ಅದು ಬದಲಾಯಿಸುತ್ತೆ, ಸೈಕಲ್ ಗೇರ್ ಥರ. 10ಕ್ಕೆ ಇಟ್ಟ ಮಾತ್ರಕ್ಕೆ ಜಾಸ್ತಿ ಅಂಕ ಸಿಗಲ್ಲ, ಮಾನಿಟರ್ ಅದನ್ನೂ ಲೆಕ್ಕಕ್ಕೆ ತಗೊಳ್ಳುತ್ತೆ. 3ರಿಂದ 5ರ ನಡುವೆ ಇಟ್ಟು ಶುರು ಮಾಡಿ.

(3/5)
ಈಗ ಪ್ಲಾನ್ ವಿಷಯ. ನಾನು ಹಿಡಿದಿರೋದು ಪೀಟ್ ಪ್ಲಾನ್. ಬ್ರಿಟನ್ನಿನ ಇಂಡೋರ್ ರೋವರ್ ಪೀಟ್ ಮಾರ್ಸ್ಟನ್ ಮಾಡಿದ್ದು, ದುಡ್ಡು ಕೊಡಬೇಕಿಲ್ಲ. ಮೂರು ವಾರದ ಒಂದು ಚಕ್ರ. ಪ್ರತಿ ವಾರ ಎರಡು ದಿನ ಇಂಟರ್ವಲ್, ಒಂದು ದಿನ ಜೋರಾಗಿ ಒಂದೇ ಸಲಕ್ಕೆ ಮಾಡೋ ದೂರ, ಉಳಿದ ದಿನ ಆರಾಮಾಗಿ ಸ್ಟೆಡಿ.

ಸ್ಪೀಡ್ ಇಂಟರ್ವಲ್ ಹೀಗಿರುತ್ತೆ:
ಮೊದಲ ವಾರ: 500 ಮೀಟರ್, 8 ಸಲ.
ಎರಡನೇ ವಾರ: 250, 500, 750, 1000, ಮತ್ತೆ 750, 500, 250. ಮೆಟ್ಟಿಲು ಹತ್ತಿ ಇಳಿದ ಹಾಗೆ.
ಮೂರನೇ ವಾರ: 1000 ಮೀಟರ್, 4 ಸಲ.
ಕೂಡಿಸಿ ನೋಡಿ, ಮೂರೂ ಸರಿಯಾಗಿ 4000 ಮೀಟರ್. ಆಮೇಲೆ ಮತ್ತೆ ಮೊದಲಿಂದ.

ಆದ್ರೆ ಪ್ಲಾನಿನ ಜೀವ ಇರೋದು ಈ ದೂರಗಳಲ್ಲಿ ಅಲ್ಲ, ಒಂದು ರೂಲ್‌ನಲ್ಲಿ. ಹೋದ ಚಕ್ರದಲ್ಲಿ ಬಂದ ಆವರೇಜೇ ಈ ಸಲದ ಟಾರ್ಗೆಟ್. ಕೊನೇದೊಂದನ್ನ ಬಿಟ್ಟು ಎಲ್ಲವನ್ನೂ ಅದೇ ಸ್ಪ್ಲಿಟ್‌ನಲ್ಲಿ ಎಳೀಬೇಕು. ಕೊನೇದರಲ್ಲಿ ಮಾತ್ರ ಇದ್ದಬದ್ದ ಶಕ್ತಿ ಎಲ್ಲ ಹಾಕಬಹುದು. ಅದರಿಂದ ಆವರೇಜ್ ಸ್ವಲ್ಪ ಇಳಿಯುತ್ತೆ, ಅದೇ ಮುಂದಿನ ಸಲದ ಟಾರ್ಗೆಟ್.

ನಮ್ಮ ಕ್ಲಾಸಿನವರಿಗೆ ಬಿಡಿಸಿ ಹೇಳ್ಬೇಕಾ? ಹಿಂದಿನ ಪುಟದ ಕ್ಲೋಸಿಂಗ್ ಬ್ಯಾಲೆನ್ಸ್ ಈ ಪುಟದ ಓಪನಿಂಗ್ ಬ್ಯಾಲೆನ್ಸ್. ಕೈಗೆ ಬಂದ ನಂಬರ್ ಬರೆದು ಪುಟ ಶುರು ಮಾಡೋ ಹಾಗಿಲ್ಲ.

ನಾನು ಮುಂದಿನ ವಾರ ಅದೇ 8 ಸಲದ ಸೆಷನ್ ಮತ್ತೆ ಮಾಡಿದೆ. ಹೋದ ಸಲದ ಆರು ಓಟದ ಆವರೇಜ್ ತೆಗೆದ್ರೆ ಸರಿಯಾಗಿ 2:10 ಬಂತು. ಅದನ್ನೇ ಟಾರ್ಗೆಟ್ ಇಟ್ಕೊಂಡೆ. ಮೊದಲನೇದು 2:10ರಲ್ಲಿ ಎಳೆಯುವಾಗ ನಾಚಿಕೆ ಆಗ್ತಿತ್ತು, ಸತ್ಯವಾಗ್ಲೂ. ಪಕ್ಕದ ಟ್ರೆಡ್‌ಮಿಲ್‌ನವರು ನನ್ನನ್ನ ಸೋಮಾರಿ ಅಂದ್ಕೋತಾರೇನೋ ಅಂತ. ನಾಲ್ಕನೇದಕ್ಕೆ ನಾಚಿಕೆ ಹೋಯ್ತು. ಆರನೇದು ಕಷ್ಟ ಆಯ್ತು. ಏಳನೇದು ಹಲ್ಲು ಕಚ್ಚಿ ಮುಗಿಸಿದೆ. ಎಂಟನೇದು 2:05.

ಒಂದು ವಾರದಲ್ಲಿ ನನ್ನ ಮೈಯೇನೂ ಬದಲಾಗಿರಲಿಲ್ಲ. ಹಂಚಿಕೊಂಡ ರೀತಿ ಬದಲಾಗಿತ್ತು ಅಷ್ಟೇ. ಆವರೇಜ್ 2:09.4. ಆದ್ರೆ ಈ ಸಲ ಎಂಟೂ ಇದ್ವು, ಮತ್ತೆ ನಾನು ನಡ್ಕೊಂಡೇ ಮನೆಗೆ ಹೋದೆ.

(4/5)
ಇನ್ನು ರೆಸ್ಟ್. 500ರ ಸೆಷನ್‌ನಲ್ಲಿ ಪ್ರತಿ ಓಟದ ನಡುವೆ 3 ನಿಮಿಷ 30 ಸೆಕೆಂಡ್ ರೆಸ್ಟ್ ಇದೆ. ಮೊದಲ ದಿನ ನಾನು ಅದನ್ನ 2 ನಿಮಿಷಕ್ಕೆ ಇಳಿಸಿದ್ದೆ. ಕಾರಣ ಹೇಳ್ಲಾ? ಸುಮ್ನೆ ಕೂತಿರೋದನ್ನ ಯಾರಾದ್ರೂ ನೋಡ್ತಾರೆ ಅಂತ.

ಲೆಕ್ಕ ನೋಡಿ. 2:10ರಲ್ಲಿ ಎಂಟು ಸಲ ಅಂದ್ರೆ ಒಟ್ಟು ಕೆಲಸ 17 ನಿಮಿಷ 20 ಸೆಕೆಂಡ್. ನಡುವಿನ ಏಳು ರೆಸ್ಟ್ ಸೇರಿಸಿದ್ರೆ 24 ನಿಮಿಷ 30 ಸೆಕೆಂಡ್. ಕೆಲಸಕ್ಕಿಂತ ರೆಸ್ಟೇ ಜಾಸ್ತಿ! ಪ್ಲಾನ್ ಮಾಡಿದವರಿಗೆ ಅದು ಗೊತ್ತಿಲ್ಲದೆ ಬರೆದಿದ್ದಾರಾ? ಉಸಿರು ವಾಪಸ್ ಬಂದ್ರೆ ತಾನೇ ಮುಂದಿನ 500 ಅದೇ ವೇಗದಲ್ಲಿ ಬರೋದು. ರೆಸ್ಟ್ ಕದ್ದರೆ ನೀವು ಮಾಡ್ತಿರೋದು ಆ ಪ್ಲಾನ್ ಅಲ್ಲ, ಬೇರೆ ಏನೋ.

ನಿಮ್ಮಲ್ಲಿ ಕೆಲವರು ಹೇಳ್ತೀರ: "ಗುರು, ಎಲ್ಲಾ ಲೆಕ್ಕ ಹಾಕ್ಕೊಂಡು ಕೂತ್ರೆ ಮಜಾ ಎಲ್ಲಿದೆ? ಒಂದ್ಸಲ ಫುಲ್ ಜೋರಾಗಿ ಎಳೆದ್ರೇನೇ ಕಿಕ್ಕು." ಒಪ್ತೀನಿ. ಜೋರಾಗಿ ಎಳೆಯೋದರಲ್ಲಿ ಮಜಾ ಇದೆ. ಅದಕ್ಕೇ ಪ್ಲಾನ್ ಕೊನೇ ಓಟವನ್ನ ನಿಮಗೆ ಬಿಟ್ಟುಕೊಟ್ಟಿದೆ. ಆದ್ರೆ ಸುಸ್ತಾದ ಮೇಲೂ ಜೋರಾಗಿ ಎಳೆಯೋಕೆ ಹೋದ್ರೆ ಮೊದಲು ಕೆಡೋದು ಕ್ರಮ. ಕಾಲು ಮುಗಿಯೋ ಮುಂಚೆ ಬೆನ್ನು ಎಳೆಯುತ್ತೆ, ಬೆನ್ನು ಬಿಲ್ಲಿನ ಥರ ಬಾಗುತ್ತೆ. ಆ ದಿನ ಆರನೇ ಸಲದಲ್ಲಿ ನಾನು ಎಳೀತಿದ್ದಿದ್ದು ಹಾಗೇ. ಎರಡು ದಿನ ಸೊಂಟ ಹಿಡ್ಕೊಂಡು ಬೆಂಚಲ್ಲಿ ಕೂತಿದ್ದೆ, ಪಕ್ಕದಲ್ಲಿದ್ದೋರಿಗೆ ಗೊತ್ತು.

ಇನ್ನೂ ಕೆಲವರು ಹೇಳ್ತೀರ: "ಸ್ಟೋರಿ ಅಂದ್ಮೇಲೆ ಬೆಸ್ಟ್ ಇರೋದನ್ನೇ ಹಾಕೋದು, ಅದರಲ್ಲೇನು ತಪ್ಪು?" ಮದುವೆ ಫೋಟೋಗೆ ಸರಿ. ವರ್ಕೌಟ್ ಫೋಟೋ ನೋಡಿ ಜನ ಅದನ್ನ ಮಾಡೋಕೆ ಹೋಗ್ತಾರೆ. ಆ ಹುಡುಗ ಹೋದ ಹಾಗೆ.

(5/5)
ಹಾಗಾದ್ರೆ ಹೊಸಬರು ಏನ್ ಮಾಡ್ಬೇಕು?

ಒಂದು, ನೇರ ಈ ಪ್ಲಾನ್‌ಗೆ ಹಾರಬೇಡಿ. ಪೀಟ್ ಅವರದ್ದೇ ಹೊಸಬರಿಗೆ ಅಂತ 24 ವಾರದ ಬೇರೆ ಪ್ಲಾನ್ ಇದೆ, ಅದರಿಂದ ಶುರು ಮಾಡಿ. ನಾನು ಅದನ್ನ ಬಿಟ್ಟು ಬಂದಿದ್ದೇ ನನ್ನ ಮೊದಲ ತಪ್ಪು.
ಎರಡು, ಮೊದಲ ಸಲ ಟಾರ್ಗೆಟ್ ಗೊತ್ತಿಲ್ಲ ಅಂದ್ರೆ ನಿಧಾನದ ಕಡೆಗೇ ಊಹೆ ಮಾಡಿ. ಕೊನೇದರಲ್ಲಿ ಶಕ್ತಿ ಉಳಿದ್ರೆ ಮುಂದಿನ ಸಲ ಅದಾಗದೇ ಸರಿಹೋಗುತ್ತೆ.
ಮೂರು, ತಲೆ ಸುತ್ತಿದ್ರೆ, ಎದೆ ಅಥವಾ ಬೆನ್ನು ನೋವು ಬಂದ್ರೆ ಅಲ್ಲಿಗೇ ನಿಲ್ಲಿಸಿ. ನಂಬರ್ ಎಲ್ಲೂ ಓಡಿ ಹೋಗಲ್ಲ.
ನಾಲ್ಕು, ಪೋಸ್ಟ್ ಹಾಕೋದಾದ್ರೆ ಮೆಮೊರಿಯ ಪೂರ್ತಿ ಲಿಸ್ಟ್ ಹಾಕಿ. ಬಿಟ್ಟುಹೋದ ಓಟಾನೂ ಸೇರಿಸಿ.

ಆ ಹುಡುಗನಿಗೆ ನಾನು ನನ್ನ ಹಳೇ ಲಿಸ್ಟ್ ಕಳಿಸಿದೆ, ಆರೂ ನಂಬರ್, ಸಾರಿ ಜೊತೆ. ಸ್ವಲ್ಪ ಹೊತ್ತು ರಿಪ್ಲೈ ಇಲ್ಲ. ಆಮೇಲೆ "ಅಣ್ಣಾ, ನೀವೂ ಸತ್ತೋಗಿದ್ರಾ ಹಾಗಾದ್ರೆ" ಅಂತ ನಗೋ ಇಮೋಜಿ ಹಾಕಿದ. ಹೋದ ಶನಿವಾರ ಇಬ್ಬರೂ ಒಟ್ಟಿಗೆ ಹೋದ್ವಿ. ಅವನು ನಾಲ್ಕೇ ಸಲ ಮಾಡಿದ, ನಾಲ್ಕೂ 2:35ರ ಆಸುಪಾಸು. ನಾಲ್ಕನೇದು ಮುಗಿದ ಮೇಲೂ ಮಾತಾಡೋ ಸ್ಥಿತಿಯಲ್ಲಿದ್ದ. ಮುಂದಿನ ಶನಿವಾರಕ್ಕೂ ಬರ್ತೀನಿ ಅಂದಿದ್ದಾನೆ.

ಇವತ್ತಿನ ಫೋಟೋ ನನ್ನ ಪೂರ್ತಿ ಲಿಸ್ಟ್, ಎಂಟೂ ಸಾಲು. ಹಳೇ 1:52 ಫೋಟೋ ಹೈಲೈಟ್ಸಲ್ಲಿತ್ತು, ತೆಗೆದಿದ್ದೀನಿ.

ನೀವು ರೋಯಿಂಗ್ ಮಾಡ್ತಿದ್ರೆ ಕಮೆಂಟಲ್ಲಿ ನಿಮ್ಮ ಆವರೇಜ್ ಹಾಕಿ, ಎಷ್ಟೇ ಇರಲಿ. ಇನ್ನೂ ಮಾಡಿಲ್ಲ ಅಂದ್ರೆ ಮೊದಲು ಆ ಟವೆಲ್ ತೆಗೀರಿ. ಭಾಗ 8ರಲ್ಲಿ ಯಾರೂ ಫೋಟೋ ಹಾಕದ ಸ್ಟೆಡಿ ದಿನಗಳ ಬಗ್ಗೆ ಬರೀತೀನಿ.

#ಬೆವರಿನ_ಲೆಕ್ಕ #ಆವರೇಜ್_ಹಾಕಿ #ರೋಯಿಂಗ್_ಕನ್ನಡ