ವಿಹಾರನೌಕೆ ಹತ್ತುವವರಿಗೆ ಮೊದಲ ಪಾಠ

ಮೊದಲ ಬಾರಿಗೆ ವಿಹಾರನೌಕೆಯಲ್ಲಿ ಪ್ರಯಾಣ ಹೊರಡುವವರು ಉಡುಪು, ಔಷಧ, ಪಾಸ್‌ಪೋರ್ಟುಗಳನ್ನು ವಾರಗಟ್ಟಲೆ ಮುಂಚಿತವಾಗಿ ಅಣಿಮಾಡಿಕೊಳ್ಳುತ್ತಾರೆ. ಅದು ಸರಿಯೆ. ಆದರೆ ಎಲ್ಲಕ್ಕಿಂತ ಮುಖ್ಯವಾದ ಸಿದ್ಧತೆ ಹಡಗನ್ನೇರಿದ ಮೇಲೆ ನಡೆಯುವ ಆಪತ್ಕಾಲದ ಅಭ್ಯಾಸವೆಂಬುದು ನಮ್ಮ ಅಭಿಪ್ರಾಯ.

1912ರಲ್ಲಿ ಟೈಟಾನಿಕ್ ಮುಳುಗಿದಾಗ ಅದರಲ್ಲಿದ್ದ ಸುಮಾರು 2,200 ಜನರ ಪೈಕಿ 1,178 ಮಂದಿಗೆ ಮಾತ್ರ ಜೀವರಕ್ಷಕ ದೋಣಿಗಳಲ್ಲಿ ಸ್ಥಳವಿತ್ತು. ಅನಂತರ ಬಂದ ಅಂತರರಾಷ್ಟ್ರೀಯ ನಿಯಮಗಳು ಆ ಕೊರತೆಯನ್ನು ನೀಗಿದವು. ಆದರೆ ದೋಣಿಗಳಿದ್ದರೆ ಸಾಲದು. ಅಲ್ಲಿಗೆ ಹೋಗುವ ದಾರಿಯೂ ತಿಳಿದಿರಬೇಕು. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲ್ಯೊ ದ್ವೀಪದ ಬಳಿ ಕೋಸ್ಟಾ ಕಾಂಕೋರ್ಡಿಯಾ ನೌಕೆಯು ಬಂಡೆಗೆ ತಗುಲಿ ವಾಲಿತು. 32 ಮಂದಿ ಮಡಿದರು. ಆ ಸಂಜೆಯಷ್ಟೇ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಅಭ್ಯಾಸವಿನ್ನೂ ಆಗಿರಲಿಲ್ಲ. 24 ಗಂಟೆಗಳೊಳಗೆ ನಡೆಸಿದರೆ ಸಾಕೆಂಬುದು ಅಂದಿನ ನಿಯಮ. 2015ರಿಂದ ಅದನ್ನು ಹಡಗು ಹೊರಡುವ ಮೊದಲು ಅಥವಾ ಹೊರಟೊಡನೆಯೇ ನಡೆಸಬೇಕಾಗಿದೆ.

ಇದನ್ನು ವಿಹಾರಕ್ಕೆ ಅಡ್ಡಿಯೆಂದು ಬಗೆದು ಅನ್ಯಮನಸ್ಕರಾಗಿ ನಿಲ್ಲುವುದು ತರವಲ್ಲ. ಹಡಗು ವಾಲಿದಾಗ ನೆಲವೇ ಇಳಿಜಾರಾಗುತ್ತದೆ, ದೀಪಗಳು ಆರಬಹುದು; ಆಗ ದಾರಿ ಕಲಿಯಲು ಸಮಯವಿರದು. ಆದುದರಿಂದ ಹಡಗನ್ನೇರಿದ ದಿನವೇ ನಿಮ್ಮ ಕೋಣೆಯಿಂದ ಎಲ್ಲರೂ ಕೂಡಬೇಕಾದ ಸ್ಥಳದವರೆಗೆ ಒಮ್ಮೆ ನಡೆದು ನೋಡಿರಿ. ಲೈಫ್‌ಜಾಕೆಟ್ ತೊಡುವುದನ್ನು ಕಲಿಯಿರಿ. ಆಮೇಲೆ ಕಡಲಿನ ಸೊಬಗನ್ನು ನಿಶ್ಚಿಂತೆಯಿಂದ ಸವಿಯಬಹುದು.