ಆಡುವವರಿಗೆ ಮೈದಾನ ಬೇಕು

ಕಾಲ್ಚೆಂಡಾಟ ದೊಡ್ಡ ದೇಶಗಳ ಸೊತ್ತು ಎಂಬ ಮಾತನ್ನು ನಾವು ಒಪ್ಪುವುದಿಲ್ಲ. 1990ರ ಸೆಪ್ಟೆಂಬರ್ 12ರಂದು ಫೆರೋ ದ್ವೀಪಗಳ ಜನ ಅದನ್ನು ಸುಳ್ಳು ಮಾಡಿ ತೋರಿಸಿದರು. ಡೆನ್ಮಾರ್ಕಿಗೆ ಸೇರಿದ, ಉತ್ತರ ಅಟ್ಲಾಂಟಿಕ್ ಸಾಗರದ ಈ 18 ದ್ವೀಪಗಳಲ್ಲಿ ಆಗ 50,000 ಜನರೂ ಇರಲಿಲ್ಲ. ಮೀನುಗಾರಿಕೆಯೇ ಅವರ ಮುಖ್ಯ ಜೀವನ. ಅಂದು ಯುರೋಪ್ ಪಂದ್ಯಾವಳಿಯ ಅರ್ಹತಾ ಸುತ್ತಿನಲ್ಲಿ ಅವರ ಮೊಟ್ಟಮೊದಲ ಪಂದ್ಯ. ಎದುರಾಳಿ, ಅದೇ ಬೇಸಗೆಯಲ್ಲಿ ವಿಶ್ವಕಪ್ ಆಡಿ ಬಂದಿದ್ದ ಆಸ್ಟ್ರಿಯಾ.

ಉಣ್ಣೆಯ ಟೋಪಿ ಹಾಕಿಕೊಂಡು ಗೋಲು ಕಾದ ಯೆನ್ಸ್ ಮಾರ್ಟಿನ್ ಕ್ನುಡ್ಸನ್ ಮೀನು ಕಾರ್ಖಾನೆಯಲ್ಲಿ ಸರಕು ಎತ್ತುವ ಗಾಡಿ ನಡೆಸುತ್ತಿದ್ದವರು. ಗೋಲು ಹೊಡೆದ ಟೋರ್ಕಿಲ್ ನೀಲ್ಸನ್ ಮರಮುಟ್ಟು ಮಾರುತ್ತಿದ್ದವರು. ದುಡಿದು ಉಳಿದ ಹೊತ್ತಿನಲ್ಲಿ ಆಡುತ್ತಿದ್ದ ಇಂಥವರು 1–0ರಿಂದ ಗೆದ್ದರು. ಆಸ್ಟ್ರಿಯಾದ ತರಬೇತುದಾರರು ರಾಜೀನಾಮೆ ಕೊಟ್ಟರು.

ಈ ಗೆಲುವಿನಲ್ಲಿ ಒಂದು ಕೊರತೆಯೂ ಇತ್ತೆಂಬುದನ್ನು ಓದುಗರು ಗಮನಿಸಬೇಕು. ತವರಿನ ಈ ಪಂದ್ಯವನ್ನು ಅವರು ಸ್ವೀಡನ್ನಿನ ಲಾಂಡ್ಸ್‌ಕ್ರೋನಾದಲ್ಲಿ ಆಡಬೇಕಾಯಿತು. ಏಕೆ? ನಿಯಮಕ್ಕೆ ತಕ್ಕ ಹುಲ್ಲಿನ ಮೈದಾನ ಆ ದ್ವೀಪಗಳಲ್ಲಿ ಒಂದೂ ಇರಲಿಲ್ಲ. ಮುಂದೆ ತೋಫ್ತಿರ್ ಎಂಬ ಹಳ್ಳಿಯಲ್ಲಿ ಮೈದಾನವಾಯಿತು. 1992ರಲ್ಲಿ ಬೆಲ್ಜಿಯಂ ತಂಡವೇ ಅಲ್ಲಿಗೆ ಹೋಗಿ ಆಡಿತು.

ಗೆಲುವು ಆಮೇಲೆ ಸುಲಭವಾಗೇನೂ ಬರಲಿಲ್ಲ. 1991ರಲ್ಲಿ ಯುಗೊಸ್ಲಾವಿಯ ಅವರನ್ನು 7–0ರಿಂದ ಸೋಲಿಸಿತು. ಆದರೂ ಆಟ ಬಿಡಲಿಲ್ಲ. 2004ರಲ್ಲಿ ಯುರೋಪಿನ ಕಪ್ ಗೆದ್ದಿದ್ದ ಗ್ರೀಸನ್ನು 2014ರಲ್ಲೂ 2015ರಲ್ಲೂ ಮಣಿಸಿದರು.

ಬಂಧುಗಳೇ, ಕಸುವು ದುಡಿಯುವ ಜನರಲ್ಲಿ ಇದ್ದೇ ಇದೆ. ಇಲ್ಲದಿರುವುದು ಮೈದಾನ ಮತ್ತು ಬಿಡುವು. ಇವೆರಡನ್ನೂ ಹಕ್ಕೆಂದು ಕೇಳೋಣ. ಕೇಳುವುದಕ್ಕೆ ಊರು ದೊಡ್ಡದಾಗಿರಬೇಕಿಲ್ಲ.